ಕೌದಿ ಒಗೆಯುವ ಕಲ್ಲು

ನನ್ನ ತವರೂರಿನ ಕೆರೆ ದಂಡೆಯಲ್ಲಿ ಒಂದು ಕಲ್ಲಿತ್ತು. ಕರಿಕಲ್ಲು. ಬಾಗಿಲಿನಷ್ಟು ಅಗಲ, ನೀರಿನ ಕಡೆಗೆ ಸ್ವಲ್ಪ ಇಳಿಜಾರು. ಅದರ ಮೇಲೆ ನಮ್ಮವ್ವ ಕೌದಿ, ಅಂದರೆ ಹಳೆ ಬಟ್ಟೆ ಸೇರಿಸಿ ಹೊಲಿದ ದಪ್ಪ ಹೊದಿಕೆ, ಒಗೆಯುತ್ತಿದ್ದಳು. ದಸರೆಗೆ ಮೊದಲು ಮನೆಯ ಕೌದಿಗಳನ್ನೆಲ್ಲ ಗಂಟು ಕಟ್ಟಿ, ಬುಟ್ಟಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಇಟ್ಟುಕೊಂಡು ಓಣಿಯ ಹೆಂಗಸರು ಬೆಳಿಗ್ಗೆಯೇ ಹೊರಡುತ್ತಿದ್ದರು. ನೀರು ಕುಡಿದ ಕೌದಿಯನ್ನು ಒಬ್ಬರೇ ಎತ್ತಲಾಗುವುದಿಲ್ಲ. ಹಿಂಡಲು ಎರಡು ತುದಿಗೆ ಇಬ್ಬರು ಬೇಕು. ಅವ್ವನ ಎದುರಿನ ತುದಿ ಯಾವಾಗಲೂ ನನ್ನದು.

ಎರಡು ವರ್ಷದ ಹಿಂದೆ ಮಗಳಿಗೆ ಆ ಕಲ್ಲು ತೋರಿಸೋಣ ಅಂತ ಹೋದೆ. ಕಲ್ಲು ಕಾಣಲಿಲ್ಲ. ನೀರೂ ಕಾಣಲಿಲ್ಲ. ಈ ದಂಡೆಯಿಂದ ಆ ದಂಡೆಯವರೆಗೆ ದಟ್ಟ ಹಸಿರು, ನಡುನಡುವೆ ನೇರಳೆ ಹೂವು. "ಅಮ್ಮಾ, ಎಷ್ಟು ಚೆಂದ ತೋಟ!" ಅಂದಳು ಮಗಳು. ಆ ವಾರವೇ ಒಂದು ಎಮ್ಮೆಕರು ಅದನ್ನು ಹುಲ್ಲು ಅಂತ ತಿಳಿದು ಕಾಲಿಟ್ಟು, ಬೇರುಗಳ ನಡುವೆ ಸಿಕ್ಕಿಹಾಕಿಕೊಂಡಿತ್ತಂತೆ. ನಾಲ್ಕು ಜನ ಹಗ್ಗ ಹಾಕಿ ಎಳೆದು ಉಳಿಸಿದರು ಅಂತ ಅಣ್ಣ ಹೇಳಿದ. ಕೇಳುತ್ತಾ ನಿಂತ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ನಾನಿರುವುದು ವಿಜಯಪುರದಲ್ಲಿ. ಬಸ್ಸಿಗೆ ಒಂದು ತಾಸಿನ ದಾರಿ. ಇಷ್ಟು ವರ್ಷ ಊರಿಗೆ ಬಂದು ಹೋಗುತ್ತಲೇ ಇದ್ದೆ, ಕೆರೆಯ ಕಡೆಗೆ ಮಾತ್ರ ಹೆಜ್ಜೆ ಹಾಕಿರಲಿಲ್ಲ.

ನಮ್ಮ ಕಡೆಯ ಕೆರೆಗಳು ಬೇಸಿಗೆಗೆ ಬತ್ತುವ ಕೆರೆಗಳು. ಡೋಣಿ ನಮ್ಮ ಸೀಮೆಯ ಹೊಳೆ. "ಡೋಣಿ ಬೆಳೆದರೆ ಓಣಿಯೆಲ್ಲ ಕಾಳು" ಅಂತ ಹೇಳುತ್ತಲೇ ಮೋಡ ನೋಡಿ ಬದುಕಿದ ಜನ ನಾವು. ನಾನು ಹೈಸ್ಕೂಲಿನಲ್ಲಿ ಇದ್ದಾಗ ಸತತ ಬರ ಬಿದ್ದು ಕೆರೆಯ ತಳ ಬಿರುಕು ಬಿಟ್ಟಿತ್ತು. ಆ ಬಿರುಕಿನಲ್ಲೇ ಬಳ್ಳಾರಿ ಜಾಲಿ ಹುಟ್ಟಿತು. ಆಮೇಲೆ ಒಳ್ಳೆಯ ಕಾಲ ಬಂತು. ಆಲಮಟ್ಟಿ ಹಿನ್ನೀರನ್ನು ಏತ ನೀರಾವರಿಯಿಂದ ಎತ್ತಿ ಜಿಲ್ಲೆಯ ಕೆರೆಗಳನ್ನು ತುಂಬಿಸತೊಡಗಿದರು. ನಮ್ಮ ಕೆರೆಗೆ ಕೃಷ್ಣೆಯ ನೀರು ಬಂದ ದಿನ ಊರಿಗೆ ಊರೇ ದಂಡೆಯಲ್ಲಿ ನಿಂತಿತ್ತು. ಹೆಂಗಸರು ಬಾಗಿನ ಬಿಟ್ಟರು. ಮುದುಕರು ಕಣ್ಣೊರೆಸಿಕೊಂಡರು.

ಹೆಚ್ಚು ಕಡಿಮೆ ಅದೇ ಹೊತ್ತಿಗೆ ಮನೆ ಮನೆಗೆ ನಳ ಬಂತು. ಅದೂ ಬೇಕಾದದ್ದೇ. ಕೊಡ ಹೊತ್ತು ಬೆನ್ನು ಬಾಗಿದ ನಮ್ಮವ್ವನನ್ನು ನೋಡಿದ ಯಾರೂ ನಳ ಬೇಡ ಅನ್ನುವುದಿಲ್ಲ. ಆದರೆ ಕೆರೆಗೆ ನೀರು ಬಂತು, ಜನ ಬರುವುದು ನಿಂತಿತು. ಎಮ್ಮೆಗಳಿಗೆ ಮನೆ ಮುಂದೆಯೇ ನೀರಿನ ತೊಟ್ಟಿ. ಬಟ್ಟೆಗೆ ವಾಷಿಂಗ್ ಮಷೀನ್. ಹೊಲಕ್ಕೆ ಹೂಳು ಹೊಡೆಯುತ್ತಿದ್ದ ಚಕ್ಕಡಿಗಳೂ ಕಡಿಮೆಯಾದವು. ದಿನಾ ನೂರು ಜನ ಕಾಲಿಡುತ್ತಿದ್ದ ನೀರಿಗೆ ಒಬ್ಬರೂ ಇಳಿಯದಂತಾಯಿತು. ಮೊದಲಾಗಿದ್ದರೆ ಒಂದು ಹೊಸ ಗಿಡ ತೇಲಿ ಬಂದರೆ ಯಾರಾದರೂ ಒಬ್ಬರು ಕಿತ್ತು ದಂಡೆಗೆ ಎಸೆಯುತ್ತಿದ್ದರು. ಸುಮ್ನೆ, ಕಾಲಿಗೆ ತೊಡಕಾಗುತ್ತದೆ ಅಂತ. ಆ ಕೈಗಳು ಇಲ್ಲದ ಜಾಗದಲ್ಲೇ ಈ ಹಸಿರು ಬೆಳೆಯಿತು ಅಂತ ನನಗೆ ಖಾತ್ರಿಯಾಗಿದೆ. ಮೊದಲು ಬೇಸಿಗೆಯಾದರೂ ಒಣಗಿಸುತ್ತಿತ್ತು. ಈಗ ವರ್ಷಪೂರ್ತಿ ನೀರು. ಕಳೆಗೆ ಇನ್ನೇನು ಬೇಕು?

ನಮ್ಮೂರಲ್ಲಿ ಇದನ್ನು ಅಂತರಗಂಗಿ ಅನ್ನುತ್ತಾರೆ. ಪುಸ್ತಕದ ಅಂತರಗಂಗೆ ಬೇರೆ, ಎಲೆಕೋಸಿನ ಸಣ್ಣ ಸಸಿಯಂತೆ ತೇಲುವ ಗಿಡ. ಆದರೆ ಜನರ ಬಾಯಲ್ಲಿ ಎರಡಕ್ಕೂ ಅದೇ ಹೆಸರು. ನಮ್ಮ ಕೆರೆಯಲ್ಲಿರುವುದು ವಾಟರ್ ಹಯಸಿಂತ್ ಅನ್ನುವ ದಕ್ಷಿಣ ಅಮೆರಿಕದ ಗಿಡ. ಹೂವು ಚೆಂದ ಅಂತಲೇ ತಂದು ಬೆಳೆಸಿದ್ದು. 19ನೇ ಶತಮಾನದ ಕೊನೆಗೆ ಬಂಗಾಳಕ್ಕೆ ಬಂತು. ಮುಂದಿನ ಕೆಲವೇ ದಶಕಗಳಲ್ಲಿ ಅಲ್ಲಿ ದೋಣಿ ಹೋಗದಂತಾಗಿ, ಭತ್ತದ ಗದ್ದೆಗಳು ಮುಚ್ಚಿಹೋಗಿ, 1936ರಲ್ಲಿ ಇದರ ಮೇಲೆ ಕಾಯ್ದೆಯನ್ನೇ ತರಬೇಕಾಯಿತು. 1937ರ ಚುನಾವಣೆಯಲ್ಲಿ ಈ ಕಳೆ ತೆಗೆಸುತ್ತೇವೆ ಅಂತ ಪಕ್ಷಗಳು ಮಾತು ಕೊಟ್ಟಿದ್ದವು. ಒಂದು ನೀರಿನ ಗಿಡ ಚುನಾವಣೆಯ ವಿಷಯವಾಗಿತ್ತು ಅಂದರೆ ಆ ಜನ ಎಷ್ಟು ಬೇಸತ್ತಿರಬೇಕು, ಅಲ್ವಾ?

ಒಂದು ಗಿಡ ಕೈಯಲ್ಲಿ ಹಿಡಿದು ನೋಡಿದರೆ ಅದರ ಶಕ್ತಿ ಅರ್ಥವಾಗುತ್ತದೆ. ಎಲೆಯ ದಂಟು ಬುಡದಲ್ಲಿ ಬಲೂನಿನಂತೆ ಉಬ್ಬಿರುತ್ತದೆ. ಹಿಸುಕಿದರೆ ಪಟ್ ಅಂತ ಒಡೆಯುತ್ತದೆ. ಒಳಗೆ ಸ್ಪಂಜು, ಅದರ ತುಂಬಾ ಗಾಳಿ. ಕೆಳಗೆ ಕಪ್ಪು ಬೇರು, ಎಣ್ಣೆ ಹಚ್ಚಿ ಬಿಚ್ಚಿಬಿಟ್ಟ ಕೂದಲಿನ ಹಾಗೆ. ಆ ಬೇರಿನಲ್ಲಿ ಸೀಗಡಿ ಮರಿ, ಸಣ್ಣ ಬಸವನಹುಳು, ಪ್ಲಾಸ್ಟಿಕ್ ಚೂರು, ಎಲ್ಲ ಸಿಕ್ಕಿರುತ್ತವೆ. ಪಕ್ಕದಿಂದ ಒಂದು ಬಳ್ಳಿ ಹೊರಟು ಅದರ ತುದಿಯಲ್ಲಿ ಮರಿ ಗಿಡ. ಆ ಮರಿಯ ಪಕ್ಕದಲ್ಲಿ ಆಗಲೇ ಇನ್ನೊಂದು ಬಳ್ಳಿ. ಒಂದನ್ನು ಎಳೆದರೆ ಅಜ್ಜಿ, ತಾಯಿ, ಮಗಳು, ಮೊಮ್ಮಗಳು ಸಾಲಾಗಿ ಬರುತ್ತಾರೆ. ಬಿಸಿಲು, ಗಟಾರದ ನೀರು ಎರಡೂ ಸಿಕ್ಕರೆ ಎರಡೇ ವಾರದಲ್ಲಿ ದುಪ್ಪಟ್ಟಾಗುತ್ತದೆ. ಲೆಕ್ಕ ಹಾಕಿ: ಕೆರೆಯ ಹತ್ತರಲ್ಲಿ ಒಂಬತ್ತು ಪಾಲು ತೆಗೆದು ಒಂದು ಪಾಲು ಬಿಟ್ಟರೆ, ಎರಡು ತಿಂಗಳು ಮುಗಿಯುವುದರೊಳಗೆ ಮತ್ತೆ ತುಂಬಿದ ಕೆರೆ. ಬೀಜ ಬೇರೆ ಕೆಸರಿನಲ್ಲಿ 15-20 ವರ್ಷ ಜೀವ ಹಿಡಿದುಕೊಂಡು ಕೂತಿರುತ್ತದೆ.

ಈ ಕಳೆ ತೆಗೆಯೋಣ ಅಂತ ನಾವೊಂದಿಷ್ಟು ಜನ ಸೇರಿದೆವು. ನಮಗಿಂತ ಮೊದಲು ಒಬ್ಬ ಗುತ್ತಿಗೆದಾರರು ಜೆಸಿಬಿ ತಂದು ಒಂದು ಬದಿ ತೋಡಿ ಹೋಗಿದ್ದರು. ಕಿತ್ತದ್ದನ್ನು ನೀರಿನ ಅಂಚಿನಲ್ಲೇ ಗುಡ್ಡೆ ಹಾಕಿದ್ದರು. ಮೊದಲ ದೊಡ್ಡ ಮಳೆಗೆ ಗುಡ್ಡೆ ಕರಗಿ ಮತ್ತೆ ಕೆರೆಗೆ ಇಳಿಯಿತು. ಅದನ್ನು ನೋಡಿದ್ದರೂ ನಾವೂ ಮೊದಲ ಭಾನುವಾರ ಅದೇ ತಪ್ಪು ಮಾಡಿದೆವು. ಪಂಚಾಯಿತಿಯಿಂದ ಲಿಖಿತ ಅನುಮತಿ ತೆಗೆದುಕೊಂಡು, ಹದಿನೆಂಟು ಜನ ಸೇರಿ, ಸಂಜೆಯವರೆಗೆ ಎಳೆದು ದಂಡೆಗೆ ಹಾಕಿ, ಫೋಟೊ ತೆಗೆಸಿಕೊಂಡು ಮನೆಗೆ ಹೋದೆವು. ಮುಂದಿನ ವಾರ ಬಂದರೆ ಗಾಳಿಗೆ ಆ ಕಡೆಯ ಹಸಿರೆಲ್ಲ ಈ ಕಡೆಗೆ ಬಂದು ನಮ್ಮ ಜಾಗ ಮುಚ್ಚಿತ್ತು. ಅವತ್ತು ಅರ್ಧ ಜನ ಬೇಜಾರಾಗಿ ವಾಪಸ್ ಹೋದರು.

ದಾರಿ ತೋರಿಸಿದ್ದು ಅಂಬಿಗರ ಕಾಕಾ. ಕೆರೆಯಲ್ಲಿ ಮೀನು ಹಿಡಿದು ಬದುಕಿದವರು. ಹಸಿರು ಮುಚ್ಚಿದ ಮೇಲೆ ಬಲೆ ಬೀಸಲು ಆಗದೆ ಕೂಲಿಗೆ ಹೋಗುತ್ತಿದ್ದರು. ದಂಡೆ ಮೇಲೆ ಕೂತು ನಮ್ಮ ಎಳೆದಾಟ ನೋಡಿ ಹೇಳಿದರು: "ಯವ್ವಾ, ಗಾಳಿ ಕೂಡ ಜಗಳಾ ಆಡಬ್ಯಾಡ್ರಿ. ಗಾಳೀನ ಆಳಿನಂಗ ದುಡಿಸ್ಕೋರಿ."

ಅವರು ಹೇಳಿದ್ದು ಇಷ್ಟು. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ಆಗ ತೇಲುವುದೆಲ್ಲ ಮೂಡಣ ದಂಡೆಗೆ ಬಂದು ಒತ್ತುತ್ತದೆ. ಅಲ್ಲಿ ನಿಂತು ತೆಗೆಯಬೇಕು. ತೆಗೆದ ಜಾಗಕ್ಕೆ ಗಾಳಿಯೇ ಮುಂದಿನದನ್ನು ತಂದುಕೊಡುತ್ತದೆ. ಗಾಳಿ ತಿರುಗುವ ಮೊದಲು ತೆರವಾದ ನೀರಿಗೆ ಅಡ್ಡವಾಗಿ ಹಗ್ಗ ಕಟ್ಟಬೇಕು. ಹಗ್ಗಕ್ಕೆ ಖಾಲಿ ಪ್ಲಾಸ್ಟಿಕ್ ಡಬ್ಬಿಗಳು, ಹಳೆ ಬಲೆ. ಒಂದು ಬೇಲಿಯಂತೆ. ಇಡೀ ಕೆರೆಯ ಮಾತು ಆಡಬೇಡಿ, ಬೇಲಿಯ ಈಚೆಗಿನದನ್ನು ಸ್ವಚ್ಛ ಇಟ್ಟುಕೊಳ್ಳಿ, ತಿಂಗಳಿಗೊಮ್ಮೆ ಬೇಲಿಯನ್ನು ಹತ್ತು ಮಾರು ಮುಂದೆ ಸರಿಸಿ ಅಂದರು. ಎರಡು ವರ್ಷದಿಂದ ನಾವು ಮಾಡುತ್ತಿರುವುದು ಅದನ್ನೇ. ಬೇಲಿಯ ಈಚೆ ಪ್ರತಿ ಭಾನುವಾರ ಇಬ್ಬರು ಸುಮ್ನೆ ಒಂದು ಸುತ್ತು ಬರುತ್ತಾರೆ. ಹುಡುಕಿ ಹುಡುಕಿ ಮರಿ ಗಿಡ ಕೀಳುತ್ತಾರೆ. ಫೋಟೊಗೆ ಏನೂ ಕಾಣದ ಕೆಲಸ ಇದು. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಕೆಲಸವೂ ಇದೇ.

ನೀರಿಗೆ ಇಳಿಯುವುದು ಹುಷಾರಿಯ ಕೆಲಸ. ಹಸಿರಿನ ಕೆಳಗೆ ಎಲ್ಲಿ ಆಳ, ಎಲ್ಲಿ ಕೆಸರು ಅಂತ ತಿಳಿಯುವುದಿಲ್ಲ. ಈಜು ಬರುವವರು ಮಾತ್ರ ಇಳಿಯಬೇಕು, ಸೊಂಟಕ್ಕೆ ಹಗ್ಗ, ಟ್ರ್ಯಾಕ್ಟರ್ ಟ್ಯೂಬ್ ಜತೆಗೆ. ಹಾವು ಇದ್ದೇ ಇರುತ್ತವೆ, ಮೊದಲು ಕೋಲಿನಿಂದ ಬಡಿದು ಸದ್ದು ಮಾಡಬೇಕು. ಶಾಲೆ ಮಕ್ಕಳನ್ನು ನೀರಿಗೆ ಬಿಡುವುದಿಲ್ಲ. ಅವರಿಗೆ ದಂಡೆಯ ಮೇಲೆ ಕೆಲಸ ಇದೆ.

ತೆಗೆದ ಕಳೆ ತುಂಬಿದ ಟ್ರಾಲಿ ನೋಡಿದರೆ ಬೆಟ್ಟದಂತೆ ಕಾಣುತ್ತದೆ. ತೂಕದಲ್ಲಿ ನೂರಕ್ಕೆ 90 ಪಾಲಿಗಿಂತ ಜಾಸ್ತಿ ಬರೀ ನೀರು. ಎಂಟು ದಿನ ಬಿಸಿಲಿಗೆ ಹರವಿದರೆ ನಾಲ್ಕು ಬುಟ್ಟಿಗೆ ಇಳಿಯುತ್ತದೆ. ಆ ಒಣಗಿದ್ದನ್ನು ಸಗಣಿ ಜತೆ ಪದರ ಪದರವಾಗಿ ತಿಪ್ಪೆಗೆ ಹಾಕಿದರೆ ಒಳ್ಳೆಯ ಗೊಬ್ಬರ. ಬಂಗಾಳದಲ್ಲೂ ರೈತರು ಕೊಳೆಸಿ ಗೊಬ್ಬರ ಮಾಡತೊಡಗಿದ ಮೇಲೆಯೇ ಕಳೆ ತೆಗೆಯುವ ಕೆಲಸಕ್ಕೆ ಬಲ ಬಂದದ್ದು. ನಮ್ಮಲ್ಲೂ ಈಗ ದ್ರಾಕ್ಷಿ, ಲಿಂಬೆ ತೋಟದವರು ಕೇಳುತ್ತಿದ್ದಾರೆ. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಈ ಗಿಡ ತಿನ್ನುವ ಸಣ್ಣ ಮೂತಿಹುಳುಗಳನ್ನು ಹೊರದೇಶದಿಂದ ತಂದು ಬಿಟ್ಟಿದ್ದರು, ಕೆಲವು ಕೆರೆಗಳಲ್ಲಿ ಅವು ಚೆನ್ನಾಗಿಯೇ ಕೆಲಸ ಮಾಡಿದವು. ಅದಕ್ಕೆ ತಿಳಿದವರ ಕೈ ಬೇಕು, ವರ್ಷಗಟ್ಟಲೆ ತಾಳ್ಮೆ ಬೇಕು. ನಮ್ಮ ಹತ್ತಿರ ಇರುವುದು ಭಾನುವಾರ ಮತ್ತು ಕೈಗಳು.

ಆದರೆ ಗಟಾರದ ಮಾತು ಆಡದೆ ಕಳೆಯ ಮಾತು ಮುಗಿಯುವುದಿಲ್ಲ. ಊರಿನ ಬಚ್ಚಲ ನೀರೆಲ್ಲ ಹರಿದು ಸೇರುವ ಮೂಲೆಯಲ್ಲಿ ಎಲೆಗಳು ನನ್ನ ಎರಡು ಅಂಗೈ ಅಗಲ. ಆಚೆ ತುದಿಯಲ್ಲಿ, ಸ್ವಚ್ಛ ನೀರಿನಲ್ಲಿ, ಅದೇ ಗಿಡ ಬಡಕಲು. ಸೋಪು, ಶೌಚದ ನೀರು, ಹೊಲದಿಂದ ತೊಳೆದು ಬರುವ ಯೂರಿಯಾ, ಎಲ್ಲ ಅದಕ್ಕೆ ಊಟ. ನಾವು ಒಂದು ಕೈಯಿಂದ ಕಿತ್ತು ಇನ್ನೊಂದು ಕೈಯಿಂದ ಉಣಿಸುತ್ತಿದ್ದೇವೆ. ಇದನ್ನು ಗ್ರಾಮಸಭೆಯಲ್ಲಿ ಎರಡು ಗಿಡ ಇಟ್ಟುಕೊಂಡೇ ತೋರಿಸಿದೆವು. ದೊಡ್ಡದು, ಸಣ್ಣದು, ಪಕ್ಕಪಕ್ಕ. ಆಮೇಲೆ ಕೆರೆಯ ಮೇಲಿನ ಓಣಿಯಲ್ಲಿ ಒಬ್ಬೊಬ್ಬರೇ ಬಚ್ಚಲು ಗುಂಡಿ ತೋಡಿಸಿದರು. ಇನ್ನೂ ಎಲ್ಲ ಮನೆ ಆಗಿಲ್ಲ. ಆಗಲೇಬೇಕು.

ಈ ಮಾತು ಆಡುವಾಗೆಲ್ಲ ನನಗೆ ವಿಜಯಪುರದ ಬೇಗಂ ತಾಲಾಬ್ ನೆನಪಾಗುತ್ತದೆ. 1651ರಲ್ಲಿ ಸುಲ್ತಾನ ಮುಹಮ್ಮದ್ ಆದಿಲ್ ಶಾಹ ಕಟ್ಟಿಸಿದ ಕೆರೆ. ಅಲ್ಲಿಂದ ನೆಲದೊಳಗೆ ಮಣ್ಣಿನ ಕೊಳವೆ ಹಾಕಿ ಶಹರಕ್ಕೆ ನೀರು ತಂದಿದ್ದರು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಅನ್ನುವ ಗೋಪುರಗಳು. ನೀರಿನ ಒತ್ತಡ ತಗ್ಗಿಸಲು, ಕೆಸರು ಕೆಳಗೆ ಕೂರಿಸಲು. ಕೊಳೆ ಬಂದೇ ಬರುತ್ತದೆ, ಅದನ್ನು ನಡುವೆ ಎಲ್ಲಾದರೂ ತಡೆಯಬೇಕು ಅಂತ ಕಟ್ಟುವಾಗಲೇ ಯೋಚಿಸಿದ್ದರು. ನಾವು ಬಚ್ಚಲ ನೀರನ್ನು ನೇರ ಕೆರೆಗೆ ಬಿಟ್ಟೆವು.

ಇನ್ನು ದಂಡೆ. ಅಲ್ಲಿಯದು ಬಳ್ಳಾರಿ ಜಾಲಿಯ ರಾಜ್ಯ. ಹೆಸರಿಗೆ ಬಳ್ಳಾರಿ, ಹುಟ್ಟೂರು ಅಮೆರಿಕ ಖಂಡ. 1877ರ ಹೊತ್ತಿಗೆ ಬೀಜ ತರಿಸಿ ಒಣ ನಾಡಿಗೆ ಉರುವಲಾಗಲಿ ಅಂತ ಹಾಕಿದರು. ಉರುವಲಂತೂ ಆಯಿತು. ಆದರೆ ಕೊಡಲಿಯಿಂದ ಕಡಿದರೆ ಸಾಯುವ ಗಿಡ ಅಲ್ಲ ಇದು. ಒಂದು ಕಡಿದ ಜಾಗದಲ್ಲಿ ಹತ್ತು ಚಿಗುರು. ಬುಡದ ಸುತ್ತ ಗುದ್ದಲಿಯಿಂದ ಅಗೆದು, ನೆಲದಿಂದ ಒಂದು ಗೇಣು ಕೆಳಗೆ, ಚಿಗುರು ಹೊರಡುವ ಗಂಟಿನ ಕೆಳಗೆ ಕತ್ತರಿಸಿ, ಹಾರಿಯಿಂದ ಮೀಟಿ ಎತ್ತಬೇಕು. ಒಂದು ಬೊಡ್ಡೆಗೆ ಇಬ್ಬರು ಗಂಡಾಳು, ಅರ್ಧ ದಿನ. ಆಡುಗಳು ಹಳದಿ ಕಾಯಿ ಇಷ್ಟಪಟ್ಟು ತಿನ್ನುತ್ತವೆ, ಬೀಜ ಹಿಕ್ಕೆಯಲ್ಲಿ ಊರೆಲ್ಲ ಹರಡುತ್ತದೆ. ಹಾಗಾಗಿ ಮಕ್ಕಳ ಕೆಲಸ ಮೊದಲ ಮಳೆಯಾದ ಮೇಲೆ. ನೆಲ ಮೆತ್ತಗಿರುವಾಗ ಬೆರಳುದ್ದದ ಸಸಿಗಳನ್ನು ಕೀಳುವುದು. ಆಗ ಎರಡು ಬೆರಳು ಸಾಕು. ಎರಡು ವರ್ಷ ಬಿಟ್ಟರೆ ಹಾರಿ ಬೇಕು. ಕೆರೆ ಏರಿಯ ಮೇಲಿನ ದೊಡ್ಡ ಜಾಲಿಗಳ ಬುಡ ಮಾತ್ರ ಮುಟ್ಟಿಲ್ಲ. ಬೇರು ಕೊಳೆತರೆ ಒಳಗೆ ಕೊಳವೆಯಂತಾಗಿ ನೀರು ಜಿನುಗುತ್ತದೆ ಅಂತ ಇಂಜಿನಿಯರ್ ಎಚ್ಚರಿಸಿದ್ದರು.

ಒಂದು ದಿನ ಜಾಲಿ ಕೀಳುವಾಗ ನಮ್ಮ ಓಣಿಯ ದೊಡ್ಡವ್ವ ಬಂದು ನಿಂತಳು. ಸಿಟ್ಟು ಬಂದಿತ್ತು.

"ಏ ಹುಡುಗಿ, ನೀ ಗ್ಯಾಸ್ ಮ್ಯಾಲೆ ಅಡಗಿ ಮಾಡಾಕಿ. ಇದನ್ನೆಲ್ಲ ಕಿತ್ತ ಮ್ಯಾಲೆ ನಾ ಏನ್ ಉರಸಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಮನೆಯಲ್ಲಿ ಸಿಲಿಂಡರ್ ಇದೆ, ಚಹಾಕ್ಕೆ ಮಾತ್ರ. ಸ್ನಾನದ ನೀರು, ರೊಟ್ಟಿ, ಎಲ್ಲ ಜಾಲಿ ಕಟ್ಟಿಗೆಯ ಒಲೆ. ನಾವು ಕೆರೆಯ ಚೆಂದ ನೋಡುತ್ತಿದ್ದೆವು, ಅವಳು ನಾಳಿನ ಒಲೆ ನೋಡುತ್ತಿದ್ದಳು. ಅವತ್ತೇ ಮಾತಾಡಿ ತೀರ್ಮಾನಿಸಿದೆವು: ಕಿತ್ತ ಕಟ್ಟಿಗೆಯನ್ನು ಇದ್ದಿಲಿನವರಿಗೆ ಮಾರುವುದಿಲ್ಲ, ಕಟ್ಟಿಗೆಗೆ ಬರುವ ಮನೆಗಳಿಗೇ ಹಂಚುತ್ತೇವೆ. ಒಂದೇ ಸಲ ಎಲ್ಲ ಕೀಳುವುದಿಲ್ಲ, ವರ್ಷಕ್ಕೆ ಒಂದು ಪಟ್ಟಿ. ತೆರವಾದ ಪಟ್ಟಿಯಲ್ಲಿ ಹೊಂಗೆ, ಬೇವು, ಕರಿಜಾಲಿ ಹಚ್ಚುತ್ತೇವೆ. ದೊಡ್ಡವ್ವ ಪೂರ್ತಿ ಒಪ್ಪಲಿಲ್ಲ. ಆದರೆ ಮರುವಾರ ಕುಡಗೋಲು ಹಿಡಿದು ಬಂದಳು.

ಬಂದದ್ದು ಒಳ್ಳೆಯದೇ ಆಯಿತು. ಕಾಲೇಜು ಹುಡುಗನೊಬ್ಬ ಭರದಲ್ಲಿ ಒಂದು ಎಳೆ ಗಿಡಕ್ಕೆ ಕೊಡಲಿ ಎತ್ತಿದ್ದ. "ಏ ತಮ್ಮಾ, ತಡಿ! ಅದು ಬನ್ನಿ!" ಅಂತ ಕೂಗಿದಳು. ದಸರೆಯಲ್ಲಿ ಅದೇ ಎಲೆ ಕೈಯಲ್ಲಿಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅನ್ನುತ್ತೇವೆ. ನೋಡಲು ಜಾಲಿಯಂತೆಯೇ ಇದೆ. ಸಸ್ಯಶಾಸ್ತ್ರದವರೂ ಇತ್ತೀಚಿನವರೆಗೆ ಎರಡನ್ನೂ ಒಂದೇ ಕುಲದಲ್ಲಿ ಇಟ್ಟಿದ್ದರು. ದೊಡ್ಡವ್ವ ಹುಡುಗನ ಕೈ ಹಿಡಿದು ಮುಟ್ಟಿಸಿದಳು. ಬನ್ನಿಯ ಮುಳ್ಳು ಮೋಟು, ಅಲ್ಲೊಂದು ಇಲ್ಲೊಂದು. ಬಳ್ಳಾರಿ ಜಾಲಿಯದು ಎಲೆಯ ಬುಡದಲ್ಲೇ ಗಟ್ಟಿ, ಉದ್ದ. ಕರಿಜಾಲಿಯದು ಬೆಳ್ಳಗೆ, ಜೋಡಿ ಜೋಡಿ. ಅಂದಿನಿಂದ ನಮ್ಮಲ್ಲಿ ನಿಯಮ ಒಂದೇ: ಹೆಸರು ಹೇಳಲು ಬಾರದ ಗಿಡ ಕೀಳುವಂತಿಲ್ಲ.

ನೀರಂಚಿನಲ್ಲಿ ಬೆಳೆಯುವ ಎತ್ತರದ ಜೊಂಡು, ಆಪು, ಅದರ ವಿಷಯದಲ್ಲೂ ಹೀಗೇ. ಕೆಲವರು ಅದನ್ನೂ ಬೋಳಿಸೋಣ ಅಂದರು. ನಾನು ಜಗಳಾಡಿ ಉಳಿಸಿದೆ. ಆಪು ನಮ್ಮ ನೆಲದ್ದೇ. ಜಂಬುಕೋಳಿ ಮರಿ ಮಾಡುವುದು ಅದರೊಳಗೆ. ಜಾಸ್ತಿ ಆದಾಗ ಅಂಚು ಸವರಿದರೆ ಸಾಕು. ಗೀಜಗನ ಗೂಡು ನೇತಾಡುವ ಜಾಲಿಯನ್ನೂ ಮರಿಗಳು ಹಾರಿಹೋಗುವವರೆಗೆ ಬಿಡುತ್ತೇವೆ. ಬೇಶರಂ ಗಿಡದ ಮೇಲೆ ಮಾತ್ರ ನನಗೆ ಕನಿಕರ ಇಲ್ಲ. ಗುಲಾಬಿ ಬಣ್ಣದ ಗಂಟೆ ಹೂವು, ಮುರಿದರೆ ಹಾಲು. ಆಡೂ ಮುಟ್ಟುವುದಿಲ್ಲ, ತಿಂದರೆ ವಿಷ. ಕಡಿದು ಬೇಲಿಗೆ ಆಗುತ್ತದೆ ಅಂತ ಒಂದು ಕಡೆ ಒಟ್ಟಿದ್ದೆವು, ಒಂದೊಂದು ಕೋಲೂ ಬೇರು ಬಿಟ್ಟು ಸಾಲಾಗಿ ಚಿಗುರಿತು. ಈಗ ಕಡಿದದ್ದನ್ನು ಕಲ್ಲಿನ ಮೇಲೆ ಪೂರ್ತಿ ಒಣಗಿಸಿ ಸುಡುತ್ತೇವೆ. ಕಾಂಗ್ರೆಸ್ ಕಸ ಹೂ ಬಿಡುವ ಮೊದಲೇ ಕೀಳಬೇಕು, ಕೈಗೆ ಗ್ಲೌಸ್ ಹಾಕಿಕೊಂಡು. ಇಲ್ಲದಿದ್ದರೆ ವಾರಗಟ್ಟಲೆ ತುರಿಕೆ.

ಕಲ್ಲು ಸಿಕ್ಕಿದ್ದು ಎಂಟನೇ ತಿಂಗಳಿಗೆ. ಹಗ್ಗದ ಬೇಲಿಯನ್ನು ಗಟಾರದ ಮೂಲೆಯ ಕಡೆಗೆ ಸರಿಸಿದ ದಿನ ಅಣ್ಣನ ಹಾರಿ ಠಣ್ ಅಂದಿತು. ಮೊಳದಷ್ಟು ಹೂಳು ಕೂತಿತ್ತು. ಸಲಿಕೆ ಬಿಟ್ಟು ಕೈಯಿಂದಲೇ ಕೆಸರು ಬಳಿದೆ. ನಡುವೆ ತಗ್ಗು, ಬಟ್ಟೆ ಬಡಿದು ಬಡಿದು ಸವೆದ ತಗ್ಗು, ಹಾಗೇ ಇತ್ತು. ಅವ್ವ ತೀರಿಕೊಂಡು ಆರು ವರ್ಷ. ಆ ತಗ್ಗಿನಲ್ಲಿ ಅಂಗೈ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. ಯಾರೂ ಏನೂ ಅನ್ನಲಿಲ್ಲ.

ಇವತ್ತಿಗೂ ಕೆರೆಯ ಮುಕ್ಕಾಲು ಪಾಲು ಹಸಿರೇ. ತೆರೆದ ನೀರು ಕಾಲು ಪಾಲು. ಆ ಕಾಲು ಪಾಲಿನಲ್ಲಿ ಅಂಬಿಗರ ಕಾಕಾ ಈ ವರ್ಷ ಬಲೆ ಬೀಸಿದರು. ಚಳಿಗಾಲದಲ್ಲಿ ಬಾತುಗಳು ಇಳಿದವು.

ಈ ಸಲ ದಸರೆಗೆ ಎಂಟು ದಿನ ಮೊದಲು ಐದಾರು ಜನ ಹೆಂಗಸರು ಕೌದಿ ತಂದರು. ಸೋಪು ನೀರು ಕೆರೆಗೆ ಬೇಡ ಅಂತ ಮನೆಯಲ್ಲೇ ನೆನೆಸಿ, ತಿಕ್ಕಿ, ಆ ನೀರನ್ನು ಬಚ್ಚಲು ಗುಂಡಿಗೆ ಬಿಟ್ಟು, ಜಾಲಿಸಿ ಬಡಿಯಲು ಮಾತ್ರ ಇಲ್ಲಿಗೆ ಬಂದಿದ್ದರು. ದೊಡ್ಡವ್ವನ ಕೌದಿ ಎಲ್ಲರದಕ್ಕಿಂತ ಭಾರ. ಒಂದು ತುದಿ ಅವಳು, ಒಂದು ತುದಿ ನಾನು. ಮಗಳು ನಡುವೆ ಕೈ ಹಾಕಿದ್ದಳು. ಹಿಂಡುತ್ತಿರುವಾಗಲೇ ದೊಡ್ಡವ್ವ "ತಡಿ" ಅಂದಳು. ತನ್ನ ತುದಿಯನ್ನು ಮಗಳ ಕೈಗೆ ಕೊಟ್ಟು ಬಗ್ಗಿದಳು. ಕಲ್ಲಿನ ಅಂಚಿಗೆ ತೇಲಿ ಬಂದಿದ್ದ, ನಾಲ್ಕೇ ಎಲೆಯ ಒಂದು ಮರಿ ಅಂತರಗಂಗಿಯನ್ನು ಬೇರು ಸಮೇತ ಎತ್ತಿ, ಬಿಸಿಲಿಗೆ ಕಾದ ದಂಡೆಯ ಮೇಲೆ ಎಸೆದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ತುದಿ ಹಿಡಿದಳು.

"ಹೂಂ, ಹಿಂಡ್ರಿ."